ಅಜ್ಜನ ಬಿಪಿ ಎಷ್ಟಿರಬೇಕು?

ಹಿರಿಯರು ಮತ್ತು ಅವರನ್ನು ನೋಡಿಕೊಳ್ಳುವವರು ಸೇರಿದ್ದ ಒಂದು ಸಭೆಯಲ್ಲಿ ಡಾಕ್ಟರಾಗಿ ನಾನು ಆಡಿದ ಮಾತು ಇದು. ಬರವಣಿಗೆಗೆ ಇಳಿಸುವಾಗ ಧಾಟಿಯನ್ನು ಹೆಚ್ಚು ಬದಲಾಯಿಸಿಲ್ಲ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ವಯಸ್ಸಿಗೆ ನೂರು ಕೂಡಿಸಿ. ಬಂದಿದ್ದೇ ನಿಮ್ಮ ಬಿಪಿ. ಅರವತ್ತಾದರೆ 160, ಎಂಬತ್ತಾದರೆ 180, ಚಿಂತೆ ಬೇಡ. ಈ ಲೆಕ್ಕವನ್ನು ಕೇಳದವರು ಇಲ್ಲಿ ಕಮ್ಮಿ ಅಂದುಕೊಂಡಿದ್ದೇನೆ. ನಗಬೇಡಿ, ಇದು ಯಾರೋ ಸುಮ್ನೆ ಕೂತು ಹುಟ್ಟುಹಾಕಿದ ಮಾತಲ್ಲ. ಒಂದು ಕಾಲದಲ್ಲಿ ಡಾಕ್ಟರುಗಳೇ ಹೀಗೆ ಹೇಳುತ್ತಿದ್ದರು.

ಅವರ ವಾದ ಕೇಳಿದರೆ ಸರಿ ಅಂತಲೇ ಅನಿಸುತ್ತದೆ. ವಯಸ್ಸಾದಂತೆ ರಕ್ತನಾಳ ಗಡಸಾಗುತ್ತದೆ, ಕಿರಿದಾಗುತ್ತದೆ, ಅಂಥ ಕೊಳವೆಯೊಳಗೆ ರಕ್ತ ತಳ್ಳಬೇಕಾದರೆ ಒತ್ತಡ ಜಾಸ್ತಿ ಬೇಕೇ ಬೇಕು, ಅದನ್ನು ಇಳಿಸಿಬಿಟ್ಟರೆ ಮಿದುಳಿಗೂ ಕಿಡ್ನಿಗೂ ರಕ್ತ ಸಾಲದೆ ಹೋಗುತ್ತದೆ. 1931ರಲ್ಲಿ ಲಿವರ್‌ಪೂಲಿನ ಜಾನ್ ಹೇ ಅನ್ನುವ ವೈದ್ಯಕೀಯ ಪ್ರಾಧ್ಯಾಪಕರು ಹೇಳಿದ ಮಾತಿನ ಸಾರ ಇದು: ಬಿಪಿ ಜಾಸ್ತಿ ಇರುವವನಿಗೆ ದೊಡ್ಡ ಅಪಾಯ ಅಂದರೆ ಅದು ಪತ್ತೆಯಾಗುವುದು, ಯಾಕೆಂದರೆ ಪತ್ತೆಯಾದ ಮೇಲೆ ಯಾರಾದರೂ ಒಬ್ಬ ಮೂರ್ಖ ಅದನ್ನು ಇಳಿಸೋಕೆ ಹೊರಡುತ್ತಾನೆ.

ಆ ಕಾಲದಲ್ಲಿ ಇಳಿಸೋಕೆ ಒಳ್ಳೆಯ ಮಾತ್ರೆಯೇ ಇರಲಿಲ್ಲ ಅನ್ನುವುದನ್ನೂ ಸೇರಿಸಿಕೊಂಡು ಅವರನ್ನು ಕ್ಷಮಿಸಬೇಕು. ಆದರೆ ಆ ನಂಬಿಕೆಗೆ ತೆತ್ತ ಬೆಲೆ ಸಣ್ಣದಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು 1944ರ ಮಾರ್ಚಿನಲ್ಲಿ ಹೃದಯದ ಡಾಕ್ಟರೊಬ್ಬರು ಪರೀಕ್ಷೆ ಮಾಡಿದಾಗ ಬಿಪಿ 186/108 ಇತ್ತು. ಹೃದಯ ಹಿಗ್ಗಿತ್ತು, ಸೋಲೋಕೂ ಶುರುವಾಗಿತ್ತು. ಕೊಟ್ಟಿದ್ದು ಡಿಜಿಟಾಲಿಸ್ ಅನ್ನುವ ಹೃದಯದ ಔಷಧಿ, ಉಪ್ಪು ಕಮ್ಮಿ ಮಾಡಿ ಅನ್ನುವ ಸಲಹೆ, ವಿಶ್ರಾಂತಿ. ಮುಂದಿನ ವರ್ಷ ಏಪ್ರಿಲ್ 12ರಂದು ತಲೆ ತುಂಬಾ ನೋಯುತ್ತಿದೆ ಅಂದರು, ಕುಸಿದರು. ಆಗ ಅಳೆದ ಬಿಪಿ 300/190. ಮಿದುಳಿನಲ್ಲಿ ರಕ್ತಸ್ರಾವ. ವಯಸ್ಸು 63. ದೇಶದಲ್ಲೇ ದೊಡ್ಡ ಡಾಕ್ಟರುಗಳು ಸುತ್ತಲೂ ಇದ್ದ ಮನುಷ್ಯನ ಕಥೆ ಇದು.

ಹಾಗಾದರೆ ಇವತ್ತಿನ ಉತ್ತರ ಸುಲಭ ಅಲ್ವಾ? ಬಿಪಿ ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. ಮಧ್ಯವಯಸ್ಸಿನವರ ವಿಷಯದಲ್ಲಿ ಹೆಚ್ಚುಕಮ್ಮಿ ಹೌದು. 61 ಅಧ್ಯಯನಗಳಿಂದ ಸುಮಾರು 10 ಲಕ್ಷ ಜನರ ಲೆಕ್ಕ ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದರು. 115/75ರಿಂದ ಶುರುಮಾಡಿ, 40ರಿಂದ 69 ವಯಸ್ಸಿನವರಲ್ಲಿ, ಮೇಲಿನ ನಂಬರ್, ಅಂದರೆ ಹೃದಯ ಹಿಂಡಿದಾಗಿನ ಒತ್ತಡ, 20 ಏರಿದಂತೆಲ್ಲ ಹೃದಯಾಘಾತದಿಂದ, ಸ್ಟ್ರೋಕ್‌ನಿಂದ ಸಾಯುವ ಅಪಾಯ ಸುಮಾರು ಎರಡು ಪಟ್ಟಾಗುತ್ತಾ ಹೋಗುತ್ತದೆ. ಎಂಬತ್ತರ ಆಸುಪಾಸಿನವರಲ್ಲೂ ಏರುತ್ತದೆ, ಆದರೆ ಏರಿಕೆ ಅಷ್ಟು ಕಡಿದಾಗಿಲ್ಲ. ಅಪಾಯ ಇಲ್ಲ ಅಂತಲ್ಲ. ಆ ವಯಸ್ಸಿನಲ್ಲಿ ಎಲ್ಲರಿಗೂ ಅಪಾಯ ಮೊದಲೇ ಜಾಸ್ತಿ, ಹಾಗಾಗಿ ಬಿಪಿಯ ಪಾಲು ಚಿಕ್ಕದಾಗಿ ಕಾಣುತ್ತದೆ.

ಇಲ್ಲಿಂದ ಮುಂದೆ ಕಥೆ ಗೋಜಲಾಗುತ್ತದೆ. ಅದನ್ನು ಬಿಡಿಸುವ ಮೊದಲು ವಯಸ್ಸಾದ ರಕ್ತನಾಳದ ಬಗ್ಗೆ ಎರಡು ಮಾತು.

ಎಳೆಯ ವಯಸ್ಸಿನಲ್ಲಿ ಹೃದಯದಿಂದ ಹೊರಡುವ ದೊಡ್ಡ ನಾಳ ರಬ್ಬರಿನಂತೆ ಇರುತ್ತದೆ. ಹೃದಯ ಹಿಂಡಿದಾಗ ಅದು ಹಿಗ್ಗಿ ಒಂದಿಷ್ಟು ರಕ್ತವನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಹೃದಯ ವಿಶ್ರಾಂತಿಗೆ ಹೋದಾಗ ಕುಗ್ಗಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೇ ಮೇಲಿನ ನಂಬರ್ ತೀರಾ ಮೇಲೆ ಹೋಗುವುದಿಲ್ಲ, ಕೆಳಗಿನದು ತೀರಾ ಕೆಳಗೆ ಬೀಳುವುದಿಲ್ಲ. ವಯಸ್ಸಾದಂತೆ ರಬ್ಬರು ಹೋಗಿ ಪೈಪಾಗುತ್ತದೆ. ಈಗ ಹಿಂಡಿದಾಗ ಒತ್ತಡ ಸರ್ರನೆ ಏರುತ್ತದೆ, ಬಿಟ್ಟಾಗ ದಬ್ಬನೆ ಇಳಿಯುತ್ತದೆ. ಐವತ್ತು, ಐವತ್ತೈದು ದಾಟಿದ ಮೇಲೆ ಮೇಲಿನ ನಂಬರ್ ಏರುತ್ತಾ ಹೋದರೂ ಕೆಳಗಿನದು ಇಳಿಯುವುದಕ್ಕೆ ಕಾರಣ ಇದೇ. 165/65 ಅಂತ ಬಂದಾಗ ಮೆಷಿನ್ ಕೆಟ್ಟಿದೆ ಅಂದುಕೊಳ್ಳುವವರಿದ್ದಾರೆ. ಮೆಷಿನ್ ಸರಿಯಾಗೇ ಇದೆ. ಎರಡು ನಂಬರಿನ ನಡುವೆ ನೂರರ ಅಂತರ ಅಂದರೆ ನಾಳ ಬಿರುಸಾಗಿದೆ ಅಂತ ಅರ್ಥ. 'ಕೆಳಗಿನದು ಚೆನ್ನಾಗಿದೆ ಬಿಡಿ, ಅದೇ ಮುಖ್ಯ' ಅನ್ನುವ ಹಳೆಯ ಸಮಾಧಾನ ಈ ವಯಸ್ಸಿನಲ್ಲಿ ನಡೆಯುವುದಿಲ್ಲ. ಇನ್ನೊಂದು ತೊಡಕೂ ಇದೆ. ಹೃದಯದ ಸ್ವಂತ ನಾಳಗಳಿಗೆ ರಕ್ತ ಹರಿಯುವುದು ಹೆಚ್ಚಾಗಿ ಹೃದಯ ವಿಶ್ರಾಂತಿಯಲ್ಲಿ ಇರುವಾಗ, ಅಂದರೆ ಆ ಕೆಳಗಿನ ನಂಬರಿನ ಬಲದ ಮೇಲೆ. ಮೇಲಿನದನ್ನು ಇಳಿಸೋಕೆ ಹೋಗಿ ಕೆಳಗಿನದನ್ನೂ ಎಳೆದುಕೊಂಡು ಹೋಗುವುದು ಡಾಕ್ಟರುಗಳಿಗೆ ಇರುವ ದಿನನಿತ್ಯದ ಪೇಚು.

ಮಾತ್ರೆ ಕೊಟ್ಟರೆ ಲಾಭ ಇದೆಯಾ ಅನ್ನುವ ಪ್ರಶ್ನೆಗೆ ಬರೋಣ. 1991ರಲ್ಲಿ ಅಮೆರಿಕದ 'ಶೆಪ್' ಟ್ರಯಲ್ ಬಂತು. ಅರವತ್ತು ದಾಟಿದ, ಮೇಲಿನ ನಂಬರ್ ಮಾತ್ರ ಜಾಸ್ತಿ ಇದ್ದ 4,736 ಜನರಲ್ಲಿ ಅರ್ಧಕ್ಕೆ ಮಾತ್ರೆ, ಅರ್ಧಕ್ಕೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ. ಸ್ಟ್ರೋಕ್ ಶೇಕಡಾ 36ರಷ್ಟು ಕಮ್ಮಿಯಾಯಿತು. ಆದರೂ ಎಂಬತ್ತು ದಾಟಿದವರ ವಿಷಯದಲ್ಲಿ ಅನುಮಾನ ಉಳಿಯಿತು. ಬೇರೆಬೇರೆ ಟ್ರಯಲ್‌ಗಳಿಂದ ಎಂಬತ್ತು ದಾಟಿದವರನ್ನಷ್ಟೇ ಹೆಕ್ಕಿ ಸೇರಿಸಿದಾಗ ಸ್ಟ್ರೋಕ್ ಕಮ್ಮಿಯಾಗಿದ್ದು ಕಂಡಿತು, ಸಾವು ಕಮ್ಮಿಯಾಗಿದ್ದು ಕಾಣಲಿಲ್ಲ. ಆ ಅನುಮಾನ ತೀರಿಸಿದ್ದು 2008ರ 'ಹೈವೆಟ್'. ಎಲ್ಲರೂ ಎಂಬತ್ತು ಮೀರಿದವರು, ಒಟ್ಟು 3,845 ಜನ, ಮೇಲಿನ ನಂಬರ್ 160 ಅಥವಾ ಜಾಸ್ತಿ. ಇಂಡಪಮೈಡ್ ಅನ್ನುವ ಮಾತ್ರೆ, ಬೇಕಾದರೆ ಜೊತೆಗೆ ಪೆರಿಂಡೊಪ್ರಿಲ್. ಗುರಿ 150/80. ಟ್ರಯಲನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು, ಯಾಕೆಂದರೆ ಮಾತ್ರೆ ತಗೊಂಡವರಲ್ಲಿ ಒಟ್ಟು ಸಾವು ಶೇಕಡಾ 21ರಷ್ಟು ಕಮ್ಮಿ, ಹೃದಯ ಸೋಲುವುದು ಶೇಕಡಾ 64ರಷ್ಟು ಕಮ್ಮಿ. ಎಂಬತ್ತಾದ ಮೇಲೆ ಬಿಪಿ ಮಾತ್ರೆ ಯಾಕೆ ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ.

ಆಮೇಲೆ 2015ರಲ್ಲಿ 'ಸ್ಪ್ರಿಂಟ್' ಬಂದು ಗುರಿಯನ್ನೇ ಕೆಳಕ್ಕೆ ಎಳೆಯಿತು. 9,361 ಜನರಲ್ಲಿ ಕೆಲವರಿಗೆ 140ಕ್ಕಿಂತ ಕೆಳಗೆ, ಕೆಲವರಿಗೆ 120ಕ್ಕಿಂತ ಕೆಳಗೆ. ಎರಡನೆಯ ಗುಂಪಿನಲ್ಲಿ ಸಾವು ಶೇಕಡಾ 27ರಷ್ಟು ಕಮ್ಮಿ. 75 ದಾಟಿದ 2,636 ಜನರನ್ನು ಪ್ರತ್ಯೇಕವಾಗಿ ನೋಡಿದರೂ ಲಾಭ ಹಾಗೇ ಉಳಿಯಿತು. ಚೀನಾದ 'ಸ್ಟೆಪ್' ಅನ್ನುವ ಟ್ರಯಲ್, 60ರಿಂದ 80 ವಯಸ್ಸಿನ 8,511 ಜನ, 2021ರಲ್ಲಿ ಅದೇ ದಿಕ್ಕಿಗೆ ಬೆರಳು ತೋರಿಸಿತು.

ಇಷ್ಟು ಕೇಳಿ ಮನೆಗೆ ಹೋಗಿ ಅಮ್ಮನಿಗೆ 120 ಬರಿಸಿ ಅಂತ ಡಾಕ್ಟರನ್ನು ಪೀಡಿಸಬೇಡಿ. ಸ್ಪ್ರಿಂಟ್‌ಗೆ ಯಾರನ್ನು ಸೇರಿಸಿರಲಿಲ್ಲ ಅನ್ನುವುದನ್ನೂ ಕೇಳಬೇಕು. ಸಕ್ಕರೆ ಕಾಯಿಲೆಯವರಿಲ್ಲ. ಹಿಂದೆ ಸ್ಟ್ರೋಕ್ ಆದವರಿಲ್ಲ. ವೃದ್ಧಾಶ್ರಮದಲ್ಲಿ ಆರೈಕೆಯಲ್ಲಿ ಇರುವವರಿಲ್ಲ. ಎದ್ದು ನಿಂತಾಗ ಮೇಲಿನ ನಂಬರ್ 110ಕ್ಕಿಂತ ಕೆಳಗೆ ಬೀಳುವವರೂ ಇಲ್ಲ. ನಮ್ಮ ಮನೆಗಳಲ್ಲಿರುವ ಎಂಬತ್ತರ ಹಿರಿಯರಲ್ಲಿ ಎಷ್ಟು ಮಂದಿ ಈ ಜರಡಿಯಲ್ಲಿ ಉಳಿಯುತ್ತಾರೆ ಹೇಳಿ? ಜೊತೆಗೆ 120ರ ಗುಂಪಿನಲ್ಲಿ ಬಿಪಿ ಕುಸಿದು ತೊಂದರೆ, ಪ್ರಜ್ಞೆ ತಪ್ಪುವುದು, ಸೋಡಿಯಂ ಏರುಪೇರು, ಕಿಡ್ನಿಗೆ ಪೆಟ್ಟು, ಇವೆಲ್ಲ ಜಾಸ್ತಿ ಇದ್ದವು. ಇನ್ನೊಂದು ಸಣ್ಣ ಆದರೆ ದೊಡ್ಡ ವಿಷಯ: ಅಲ್ಲಿ ಬಿಪಿ ಅಳೆದ ರೀತಿ. ಐದು ನಿಮಿಷ ಸುಮ್ಮನೆ ಕೂರಿಸಿ, ಮೆಷಿನ್ ತಾನಾಗಿ ಮೂರು ಸಲ ಅಳೆದು ಸರಾಸರಿ ತೆಗೆದದ್ದು. ಮೆಟ್ಟಿಲು ಹತ್ತಿ ಬಂದು, ಮಾತಾಡುತ್ತಾ, ತೋಳಿನ ಬಟ್ಟೆ ಮೇಲೆಯೇ ಪಟ್ಟಿ ಸುತ್ತಿಸಿಕೊಂಡು ಬರುವ 135 ಇದೆಯಲ್ಲ, ಅದನ್ನೂ ಅಲ್ಲಿನ 120ಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಈಗ ತಲೆ ಕೆಡಿಸುವ ಭಾಗ.

ಟ್ರಯಲ್ ಬಿಡಿ. ಯಾರಿಗೂ ಏನೂ ಕೊಡದೆ, ಒಂದು ಊರಿನ ಹಿರಿಯರ ಬಿಪಿಯನ್ನು ಸುಮ್ನೆ ಬರೆದಿಟ್ಟುಕೊಂಡು ಯಾರು ಎಷ್ಟು ವರ್ಷ ಬದುಕಿದರು ಅಂತ ನೋಡಿದವರಿದ್ದಾರೆ. ಫಿನ್ಲೆಂಡಿನ ತಾಂಪೆರೆಯಲ್ಲಿ 85 ದಾಟಿದವರನ್ನು ಹೀಗೆ ಗಮನಿಸಿ 1988ರಲ್ಲಿ ಬರೆದರು. ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲೂ 85 ತುಂಬಿದವರನ್ನೇ ಹಿಡಿದು ಅಧ್ಯಯನ ಮಾಡಿದರು. ಎರಡೂ ಕಡೆ ಕಂಡದ್ದು ಉಲ್ಟಾ. ಬಿಪಿ ಜಾಸ್ತಿ ಇದ್ದವರು ಬೇಗ ಹೋಗಲಿಲ್ಲ. ಬಿಪಿ ಕಮ್ಮಿ ಇದ್ದವರು ಬೇಗ ಹೋದರು. ಫ್ರಾನ್ಸ್ ಮತ್ತು ಇಟಲಿಯ ವೃದ್ಧಾಶ್ರಮಗಳಲ್ಲಿ ಎಂಬತ್ತು ದಾಟಿದ ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದ 'ಪಾರ್ಟಾಜ್' ಅಧ್ಯಯನ 2015ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಮೇಲಿನ ನಂಬರ್ 130ಕ್ಕಿಂತ ಕೆಳಗಿದ್ದು, ಎರಡು ಅಥವಾ ಜಾಸ್ತಿ ಬಿಪಿ ಮಾತ್ರೆ ತಗೊಳ್ಳುತ್ತಿದ್ದವರಲ್ಲಿ ಸಾವು ಉಳಿದವರಿಗಿಂತ ಜಾಸ್ತಿ.

ಇದನ್ನು ಓದಿದ ಕೂಡಲೇ ಮೊಬೈಲುಗಳಲ್ಲಿ ಓಡಾಡುವ ಸಂದೇಶ ಹೇಗಿರುತ್ತದೆ ಗೊತ್ತಲ್ಲ. 'ಬಿಪಿ ಮಾತ್ರೆಯೇ ಹಿರಿಯರನ್ನು ಕೊಲ್ಲುತ್ತಿದೆ.' ನನಗೂ ಇಂಥವು ತಿಂಗಳಿಗೆ ಎರಡಾದರೂ ಬರುತ್ತವೆ, ಕಳಿಸುವವರಲ್ಲಿ ಡಾಕ್ಟರುಗಳೂ ಇದ್ದಾರೆ.

ನಿಧಾನಿಸಿ. ಮಳೆ ಬರುವ ಮೊದಲು ಇರುವೆಗಳು ಸಾಲುಗಟ್ಟಿ ಹೊರಡುತ್ತವೆ ಅಂತಾರೆ. ಹಾಗಂತ ಮಳೆ ತಂದದ್ದು ಇರುವೆ ಅಂತ ಯಾರೂ ಹೇಳುವುದಿಲ್ಲ.

2018ರಲ್ಲಿ ಬ್ರಿಟನ್ನಿನವರು ಒಂದು ಚಂದದ ಕೆಲಸ ಮಾಡಿದರು. ಅಲ್ಲಿನ ಊರ ಡಾಕ್ಟರುಗಳ ಕಡತದಲ್ಲಿ ವರ್ಷಗಟ್ಟಲೆ ಬಿಪಿ ದಾಖಲಾಗಿರುತ್ತದೆ. ಅರವತ್ತು ದಾಟಿ ತೀರಿಕೊಂಡ 46,634 ಜನರನ್ನು ತೆಗೆದುಕೊಂಡು, ಸತ್ತ ದಿನದಿಂದ ಹಿಂದಕ್ಕೆ ಇಪ್ಪತ್ತು ವರ್ಷ ನಡೆದರು. ಮುಂದಕ್ಕಲ್ಲ, ಹಿಂದಕ್ಕೆ. ಕಂಡದ್ದು ಏನು? ಸಾವಿಗೆ ಸುಮಾರು 14ರಿಂದ 18 ವರ್ಷ ಮೊದಲು ಬಿಪಿ ತನ್ನ ತುತ್ತತುದಿಯಲ್ಲಿತ್ತು, ಅಲ್ಲಿಂದ ಇಳಿಯುತ್ತಲೇ ಬಂತು. ತೊಂಬತ್ತು ದಾಟಿ ಹೋದವರಲ್ಲಿ ಸರಾಸರಿ 22ರಷ್ಟು ಇಳಿದಿತ್ತು. ಬಿಪಿ ಮಾತ್ರೆ ಮುಟ್ಟದವರಲ್ಲೂ ಇಳಿಯಿತು. ಹೃದಯ ಸೋತವರಲ್ಲಿ, ಮರೆವಿನ ಕಾಯಿಲೆ ಇದ್ದವರಲ್ಲಿ, ತೂಕ ಕಳೆದುಕೊಳ್ಳುತ್ತಿದ್ದವರಲ್ಲಿ ಈ ಇಳಿತ ಇನ್ನೂ ಜೋರು.

ಅಂದರೆ ಎಂಬತ್ತೈದರ ಒಬ್ಬರ ಬಿಪಿ ಯಾವ ಮಾತ್ರೆಯೂ ಇಲ್ಲದೆ 110 ಇದ್ದರೆ ಅದಕ್ಕೆ ಎರಡು ಅರ್ಥ ಇರಬಹುದು. ಜೀವನವಿಡೀ ಹಾಗೇ ಇದ್ದ, ಈಗಲೂ ಚುರುಕಾಗಿ ಓಡಾಡುವ ಮನುಷ್ಯ ಒಬ್ಬ. ಹತ್ತು ವರ್ಷದ ಹಿಂದೆ 160 ಇದ್ದು, ಹೃದಯದ ಬಲ ಕುಗ್ಗಿ, ಮೈ ಕರಗಿ, ತಾನಾಗಿ 110ಕ್ಕೆ ಬಂದು ನಿಂತವನು ಇನ್ನೊಬ್ಬ. ಮೆಷಿನ್ನಿಗೆ ಇಬ್ಬರೂ ಒಂದೇ. ನಾವು ಪಟ್ಟಿ ಸುತ್ತಿ ನಂಬರ್ ಓದಿ 'ಬಿಪಿ ಸೂಪರ್' ಅಂತೀವಿ. ಎರಡನೆಯವನ ವಿಷಯದಲ್ಲಿ ಅದು ಸೂಪರ್ ಅಲ್ಲ, ಸುಳಿವು. ಅದಕ್ಕೇ ನಾನು ಹಿರಿಯರನ್ನು ಕರೆದುಕೊಂಡು ಬರುವವರಿಗೆ ಹಳೆಯ ಚೀಟಿಗಳನ್ನು ತನ್ನಿ ಅಂತ ಕಾಡುವುದು. ಇವತ್ತಿನ ನಂಬರ್‌ಗಿಂತ ಐದು ವರ್ಷದ ಹಿಂದಿನದು, ಎರಡು ವರ್ಷದ ಹಿಂದಿನದು, ತೂಕ ಆಗ ಎಷ್ಟಿತ್ತು, ಇವೆಲ್ಲ ಸೇರಿದರೆ ಹೇಳುವ ಕಥೆಯೇ ಬೇರೆ. ಮಾತ್ರೆ ಬದಲಾಯಿಸದೇ ಇದ್ದರೂ ಬಿಪಿ ತಾನಾಗಿ ಇಳಿಯುತ್ತಿದೆ, ಜೊತೆಗೆ ಬಟ್ಟೆ ಸಡಿಲವಾಗುತ್ತಿದೆ ಅಂದರೆ ಖುಷಿಪಡುವ ಮೊದಲು ಯಾಕೆ ಅಂತ ಕೇಳಿ.

ಹಾಗಾದರೆ ಈ ಇಬ್ಬರನ್ನು ಬೇರೆ ಮಾಡಿ ನೋಡುವುದು ಹೇಗೆ? ನನಗೆ ತುಂಬಾ ಇಷ್ಟವಾದ ಉತ್ತರ ಸಿಕ್ಕಿದ್ದು 2012ರ ಅಮೆರಿಕದ ಒಂದು ಅಧ್ಯಯನದಲ್ಲಿ. 65 ದಾಟಿದ 2,340 ಜನರನ್ನು ಸುಮಾರು ಆರು ಮೀಟರ್ ನಡೆಸಿದರು. ಅಷ್ಟೇ. ಸ್ಕ್ಯಾನ್ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಸೆಕೆಂಡಿಗೆ 0.8 ಮೀಟರ್, ಅಂದರೆ ಆರು ಮೀಟರನ್ನು ಏಳೂವರೆ ಸೆಕೆಂಡಿನೊಳಗೆ ಮುಗಿಸಿದವರು ಚುರುಕಿನವರು. ಅವರಲ್ಲಿ ಮೇಲಿನ ನಂಬರ್ ಜಾಸ್ತಿ ಇದ್ದವರಿಗೆ ಸಾವಿನ ಅಪಾಯವೂ ಜಾಸ್ತಿ, ನಲವತ್ತರವರಲ್ಲಿ ಇದ್ದ ಹಾಗೇ. ನಿಧಾನಕ್ಕೆ ನಡೆದವರಲ್ಲಿ ಬಿಪಿಗೂ ಸಾವಿಗೂ ನಂಟೇ ಕಾಣಲಿಲ್ಲ. ಆರು ಮೀಟರ್ ನಡೆಯೋಕೇ ಆಗದೇ ಹೋದವರಲ್ಲಿ ಬಿಪಿ ಜಾಸ್ತಿ ಇದ್ದವರೇ ಹೆಚ್ಚು ಬದುಕಿದರು.

ಒಂದೇ ನಂಬರ್, ಮೂರು ಥರದ ಕಾಲು, ಮೂರು ಉತ್ತರ. ಗುರಿ ಎಷ್ಟು ಅಂತ ಕೇಳಿದಾಗ ನಾನು ಮೊದಲು ಆ ಹಿರಿಯರನ್ನು ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವುದನ್ನು ನೋಡುತ್ತೇನೆ. ನನ್ನ ತಪಾಸಣೆಯ ಅರ್ಧ ಭಾಗ ಅಲ್ಲೇ ಮುಗಿದಿರುತ್ತದೆ. ಬಿಪಿ ಪಟ್ಟಿ ತೆಗೆಯುವುದು ಆಮೇಲೆ.

ಇಷ್ಟು ಹೊತ್ತು ಬಿಪಿ ಬಗ್ಗೆಯೇ ಆಯಿತು, ಮೆಷಿನ್ನಿನಲ್ಲಿ ಮೂರನೆಯ ಒಂದು ನಂಬರ್ ಇರುತ್ತದೆ, ಕೆಳಗಡೆ ಚಿಕ್ಕದಾಗಿ, ಪಕ್ಕದಲ್ಲಿ ಹೃದಯದ ಚಿತ್ರ. ಅದನ್ನು ಯಾರೂ ಬರೆದುಕೊಂಡು ಬರುವುದಿಲ್ಲ. ನಾಡಿ ಬಡಿತ.

ಸುಮ್ಮನೆ ಕೂತಿರುವಾಗ ನಿಮಿಷಕ್ಕೆ 60ರಿಂದ 100 ಅನ್ನುವುದು ಪುಸ್ತಕದ ಮಿತಿ. ಆದರೆ ಆ ಮಿತಿಯೊಳಗೂ 62 ಮತ್ತು 92 ಒಂದೇ ಅಲ್ಲ. ಕೋಪನ್‌ಹೇಗನ್‌ನಲ್ಲಿ 1970ರ ಸುಮಾರಿಗೆ ಮಧ್ಯವಯಸ್ಸಿನಲ್ಲಿದ್ದ ಗಂಡಸರ ಗುಂಪೊಂದನ್ನು ಹದಿನೈದು ವರ್ಷದ ಬಳಿಕ ಮತ್ತೆ ಕರೆದು ನಾಡಿ ಅಳೆದು, ಇನ್ನೂ 16 ವರ್ಷ ಹಿಂಬಾಲಿಸಿದರು. ವಿಶ್ರಾಂತಿಯ ಬಡಿತ 10 ಹೆಚ್ಚಿದಂತೆಲ್ಲ ಸಾವಿನ ಅಪಾಯ ಸುಮಾರು ಶೇಕಡಾ 16 ಹೆಚ್ಚಾಯಿತು. ಕಸರತ್ತು ಮಾಡುವವರ ನಾಡಿ ನಿಧಾನ ಇರುತ್ತದಲ್ಲ, ಅದಕ್ಕಿರಬೇಕು ಅಂತೀರಾ? ದೇಹದ ಕಸುವನ್ನೂ ಅವರು ಅಳೆದು ಲೆಕ್ಕಕ್ಕೆ ಹಿಡಿದಿದ್ದರು, ಆದರೂ ಅಂತರ ಉಳಿಯಿತು.

ಸರಿ, ನಾಡಿ ಇಳಿಸುವ ಮಾತ್ರೆ ನುಂಗಿದರೆ ಆಯುಷ್ಯ ಹೆಚ್ಚುತ್ತದಾ? ಇದನ್ನೂ ನೋಡಿದ್ದಾರೆ, ಮತ್ತೆ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಪಾಠ ಕಲಿಸಿದ್ದು ಇದೇ. ಐವಾಬ್ರಡಿನ್ ಅನ್ನುವ ಮಾತ್ರೆ ಇದೆ. ಅದು ಹೃದಯದ ತಾಳ ಹಾಕುವ ಗಂಟಿನ ಮೇಲೆ ಕೆಲಸ ಮಾಡಿ ಬಡಿತ ಇಳಿಸುತ್ತದೆ, ಬಿಪಿಯನ್ನು ಹೆಚ್ಚುಕಮ್ಮಿ ಮುಟ್ಟುವುದಿಲ್ಲ. ಹೃದಯ ಸೋತವರಿಗೆ ಕೊಟ್ಟು ನೋಡಿದ 'ಶಿಫ್ಟ್' ಟ್ರಯಲ್‌ನಲ್ಲಿ, 2010ರಲ್ಲಿ, ಲಾಭ ಕಂಡಿತು. ಹೃದಯದ ನಾಳದ ಕಾಯಿಲೆ ಇದ್ದು ಹೃದಯ ಸೋಲದೇ ಇದ್ದ 19,102 ಜನರಲ್ಲಿ ನೋಡಿದ 'ಸಿಗ್ನಿಫೈ' 2014ರಲ್ಲಿ ಮುಗಿಯಿತು. ಬಡಿತ ಚೆನ್ನಾಗಿ ಇಳಿಯಿತು. ಸಾವು ಇಳಿಯಲಿಲ್ಲ. ಎದೆನೋವು ಹೆಚ್ಚಾಗಿದ್ದ ಒಂದು ಗುಂಪಿಗೆ ತೊಂದರೆಯೇ ಜಾಸ್ತಿಯಾಯಿತು.

ಬಿಪಿಯನ್ನು ಇಳಿಸಿದರೆ ಅಪಾಯ ಇಳಿಯುತ್ತದೆ, ಅದು ಟ್ರಯಲ್‌ನಲ್ಲಿ ಸಾಬೀತಾದದ್ದು. ನಾಡಿ ಹೆಚ್ಚಾಗಿ ಗಂಟೆ ಬಾರಿಸುವವನು. ಅವನ ಬಾಯಿ ಮುಚ್ಚಿಸಿದರೆ ಬೆಂಕಿ ಆರುವುದಿಲ್ಲ. ಹಿರಿಯರಲ್ಲಿ ಬಡಿತ 70ರಲ್ಲಿದ್ದದ್ದು 95ಕ್ಕೆ ಏರಿ ಅಲ್ಲೇ ಕೂತರೆ ಹುಡುಕಬೇಕಾದ್ದು: ರಕ್ತ ಕಮ್ಮಿಯಾಗಿದೆಯಾ, ಥೈರಾಯ್ಡ್ ಜಾಸ್ತಿಯಾಗಿದೆಯಾ, ಎಲ್ಲೋ ಸೋಂಕು ಇದೆಯಾ, ನೀರು ಕುಡಿಯುತ್ತಿಲ್ಲವಾ, ನೋವು ಹೇಳಿಕೊಳ್ಳದೆ ಸಹಿಸುತ್ತಿದ್ದಾರಾ, ಹೃದಯ ಸೋಲುತ್ತಿದೆಯಾ. ವಯಸ್ಸಾದವರಿಗೆ ಸೋಂಕಾದರೂ ಎಷ್ಟೋ ಸಲ ಜ್ವರ ಬರುವುದಿಲ್ಲ, ನಾಡಿ ಮಾತ್ರ ಓಡುತ್ತಿರುತ್ತದೆ.

ನಿಧಾನದ ನಾಡಿಯೂ ಹಾಗೇ. 48 ಅಂತ ಬಂದರೆ ಯೋಗಿಯ ನಾಡಿ ಅಂತ ಹೆಮ್ಮೆಪಡುವ ಮೊದಲು ಔಷಧಿ ಡಬ್ಬಿ ತೆರೆಯಿರಿ. ನಾಡಿ ಇಳಿಸುವ ಬೀಟಾ ಬ್ಲಾಕರ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಇದೆಯಾ? ಮರೆವಿಗೆ ಕೊಡುವ ಡೊನೆಪೆಜಿಲ್ ಕೂಡ ನಾಡಿ ಇಳಿಸಬಲ್ಲದು. ಇನ್ನೊಂದು ಯಾರಿಗೂ ಹೊಳೆಯುವುದಿಲ್ಲ: ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಗೆ ಹಾಕುವ ಟಿಮೊಲಾಲ್ ಹನಿ. ಅದೂ ಬೀಟಾ ಬ್ಲಾಕರೇ. ಕಣ್ಣಿನಿಂದ ಮೂಗಿಗೆ ಇಳಿದು ರಕ್ತ ಸೇರುತ್ತದೆ. ಮಾತ್ರೆಗಳ ಪಟ್ಟಿ ಕೇಳಿದಾಗ ಹನಿಯನ್ನು ಯಾರೂ ಹೇಳುವುದೇ ಇಲ್ಲ! ಇದ್ಯಾವುದೂ ಇಲ್ಲದೆ ನಾಡಿ ತೀರಾ ನಿಧಾನವಾಗಿದ್ದು ತಲೆಸುತ್ತು, ಕಣ್ಣು ಕತ್ತಲೆ ಬರುವುದು ಇದ್ದರೆ ಇಸಿಜಿ ಆಗಲೇಬೇಕು.

ನಾಡಿಯ ವೇಗಕ್ಕಿಂತ ತಾಳ ಕೆಲವೊಮ್ಮೆ ಹೆಚ್ಚು ಹೇಳುತ್ತದೆ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆ, ಎರಡು ಬೆರಳಿಟ್ಟು ಒಂದು ನಿಮಿಷ ಕೂತುಕೊಳ್ಳಿ. ಒಂದೊಂದು ಬಡಿತ ಆಗಾಗ ತಪ್ಪುವುದು ಬೇರೆ. ತಾಳವೇ ಇಲ್ಲದೆ, ಮನಸ್ಸಿಗೆ ಬಂದಂತೆ ಬಡಿಯುತ್ತಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೃದಯ ಅಧ್ಯಯನದ ಪ್ರಕಾರ ಅದು ಸ್ಟ್ರೋಕ್ ಅಪಾಯವನ್ನು ಸುಮಾರು ಐದು ಪಟ್ಟು ಏರಿಸುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆಯಿಂದ ಆ ಅಪಾಯವನ್ನು ತುಂಬಾ ಇಳಿಸಬಹುದು. ಇಂಥವರಲ್ಲಿ ಬಿಪಿ ಮೆಷಿನ್ ಒಂದು ಸಲ 150, ಇನ್ನೊಂದು ಸಲ 128 ತೋರಿಸಿದರೆ ಆಶ್ಚರ್ಯವಿಲ್ಲ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಬಿಪಿ ಮತ್ತು ನಾಡಿ ಎರಡನ್ನೂ ಒಟ್ಟಿಗೆ ನೋಡಬೇಕಾದ ಒಂದು ಕ್ಷಣ ಇದೆ: ಎದ್ದು ನಿಂತಾಗ. ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆ ಜಾರುತ್ತದೆ. ಎಳೆಯರಲ್ಲಿ ನಾಳ ಬಿಗಿದುಕೊಂಡು, ನಾಡಿ ಸ್ವಲ್ಪ ಏರಿ, ಗೊತ್ತೇ ಆಗದ ಹಾಗೆ ಸರಿಹೋಗುತ್ತದೆ. ಹಿರಿಯರಲ್ಲಿ ಈ ವ್ಯವಸ್ಥೆ ಮಂದ. ನಿಂತ ಮೂರು ನಿಮಿಷದೊಳಗೆ ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಕಾಯಿಲೆ ಅಂತಲೇ ಲೆಕ್ಕ. ಆ ಹೊತ್ತಿನಲ್ಲಿ ನಾಡಿ ಏನು ಮಾಡಿತು ನೋಡಿ. ಬಿಪಿ ಬಿತ್ತು, ನಾಡಿ ಜೋರಾಗಿ ಓಡಿತು ಅಂದರೆ ಮೈಯಲ್ಲಿ ನೀರು ಸಾಲದೇ ಇರಬಹುದು, ನೀರು ಇಳಿಸುವ ಮಾತ್ರೆ ಜಾಸ್ತಿಯಾಗಿರಬಹುದು. ಬಿಪಿ 30 ಬಿದ್ದರೂ ನಾಡಿ ಕದಲಲೇ ಇಲ್ಲ ಅಂದರೆ, ಬೀಟಾ ಬ್ಲಾಕರ್ ಏನೂ ಇಲ್ಲದಿದ್ದಾಗ, ನರಗಳೇ ಸುದ್ದಿ ಮುಟ್ಟಿಸುತ್ತಿಲ್ಲ ಅನ್ನುವ ಅನುಮಾನ ಬರುತ್ತದೆ. ಪಾರ್ಕಿನ್ಸನ್ ಕಾಯಿಲೆ, ಹಳೆಯ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಕಾಣುತ್ತದೆ. ಕೂತಾಗ 145 ಇದ್ದವರು ನಿಂತಾಗ 105 ಆಗಿ, ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಆ 145ನ್ನು 130ಕ್ಕೆ ತರೋಕೆ ಹೊರಟಿದ್ದ ನಮ್ಮ ಜಾಣತನಕ್ಕೆ ಏನು ಹೇಳುವುದು?

ಅಳೆಯುವುದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ, ಮೂತ್ರ ಕಟ್ಟಿಕೊಂಡು ಕೂರಬೇಡಿ, ಐದು ನಿಮಿಷ ಮಾತಿಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇಲ್ಲದ್ದು ಇದ್ದಂತೆ ತೋರಿಸುತ್ತದೆ. ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ, ಜಾಸ್ತಿ ಬಂದ ತೋಳನ್ನೇ ಮುಂದೆ ಬಳಸಿ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಮಾತ್ರೆ ರಾತ್ರಿ ತಗೊಂಡರೆ ಒಳ್ಳೆಯದಂತೆ, ಹೌದಾ? ಬ್ರಿಟನ್ನಿನಲ್ಲಿ 21,104 ಜನರ ಮೇಲೆ ನಡೆದ 'ಟೈಮ್' ಟ್ರಯಲ್ 2022ರಲ್ಲಿ ಮುಗಿಯಿತು, ಬೆಳಿಗ್ಗೆಗೂ ರಾತ್ರಿಗೂ ವ್ಯತ್ಯಾಸ ಸಿಗಲಿಲ್ಲ. ಮರೆಯದ ಹೊತ್ತಿಗೆ ತಗೊಳ್ಳಿ. ನೀರಿನ ಮಾತ್ರೆ ಮಾತ್ರ ರಾತ್ರಿ ಬೇಡ, ನಡುರಾತ್ರಿ ಎದ್ದು ಓಡಾಡಿ ಬೀಳುವುದು ಯಾಕೆ.

ಉಪ್ಪಿನ ಬಗ್ಗೆ ಇಬ್ಬರು ಕೇಳಿದರು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರಿಗೆ, ಹಿಂದೆ ಸ್ಟ್ರೋಕ್ ಆದವರು ಅಥವಾ ಬಿಪಿ ಇದ್ದ ಅರವತ್ತು ದಾಟಿದವರು, ಅರ್ಧ ಹಳ್ಳಿಗಳಲ್ಲಿ ಮಾಮೂಲಿ ಉಪ್ಪಿನ ಬದಲು ಕಾಲು ಭಾಗ ಪೊಟ್ಯಾಷಿಯಂ ಉಪ್ಪು ಬೆರೆಸಿದ್ದನ್ನು ಕೊಟ್ಟರು. ಸಾವು ಶೇಕಡಾ 12ರಷ್ಟು ಕಮ್ಮಿಯಾಯಿತು, ಸ್ಟ್ರೋಕ್ ಶೇಕಡಾ 14ರಷ್ಟು. ಕಿಡ್ನಿ ತೊಂದರೆ ಇರುವವರು, ಪೊಟ್ಯಾಷಿಯಂ ಏರಿಸುವ ಮಾತ್ರೆ ತಗೊಳ್ಳುವವರು ಕೇಳದೆ ಈ ಉಪ್ಪಿಗೆ ಕೈಹಾಕಬಾರದು.

ಒಬ್ಬ ಹುಡುಗಿ ನೇರವಾಗಿ ಕೇಳಿದಳು: ನಮ್ಮ ಅಜ್ಜಿಗೆ 88, ಹಾಸಿಗೆ ಹಿಡಿದಿದ್ದಾರೆ, ನಾಲ್ಕು ಬಿಪಿ ಮಾತ್ರೆ, ಬಿಪಿ 112. ನಿಲ್ಲಿಸಿಬಿಡಲಾ?

ನೀನಾಗಿ ನಿಲ್ಲಿಸಬೇಡಮ್ಮ. ಬೀಟಾ ಬ್ಲಾಕರ್, ಕ್ಲೊನಿಡಿನ್ ಇಂಥವನ್ನು ಒಮ್ಮೆಲೆ ಬಿಟ್ಟರೆ ಬಿಪಿ, ನಾಡಿ ಎರಡೂ ಎಗರುತ್ತವೆ. ಆದರೆ ಡಾಕ್ಟರ ಹತ್ತಿರ ಹೋಗಿ ಒಂದೊಂದಾಗಿ ಕಮ್ಮಿ ಮಾಡಬಹುದಾ ಅಂತ ಧೈರ್ಯವಾಗಿ ಕೇಳು. ಬ್ರಿಟನ್ನಿನ 'ಆಪ್ಟಿಮೈಸ್' ಟ್ರಯಲ್‌ನಲ್ಲಿ, 2020ರಲ್ಲಿ, ಎಂಬತ್ತು ದಾಟಿದವರಿಗೆ ಒಂದು ಮಾತ್ರೆ ತೆಗೆದು 12 ವಾರ ನೋಡಿದರು, ಹೆಚ್ಚಿನವರ ಬಿಪಿ 150ರೊಳಗೇ ಉಳಿಯಿತು. ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿ ತೀರಾ ಕೃಶವಾಗಿದ್ದು ಬಿಪಿ 130ಕ್ಕಿಂತ ಕೆಳಗಿದ್ದ ಹಿರಿಯರಿಗೆ ಮಾತ್ರೆಗಳನ್ನು ಹಂತಹಂತವಾಗಿ ಇಳಿಸಿ ನೋಡಿದ ಟ್ರಯಲ್ 2025ರಲ್ಲಿ ಬಂತು. ಇಳಿಸಿದವರಲ್ಲೂ ಇಳಿಸದವರಲ್ಲೂ ಸಾವು ಹೆಚ್ಚುಕಮ್ಮಿ ಅಷ್ಟೇ. ಅಂದರೆ ಮಾತ್ರೆ ಕೊಲ್ಲುತ್ತಿರಲಿಲ್ಲ, ಕಾಯುತ್ತಲೂ ಇರಲಿಲ್ಲ. ಹಾಗಿದ್ದ ಮೇಲೆ ನಾಲ್ಕು ಮಾತ್ರೆ ನುಂಗುವ ಕಷ್ಟ ಅಜ್ಜಿಗೆ ಯಾಕೆ, ಅಂತ ಅವರ ಡಾಕ್ಟರನ್ನೇ ಕೇಳು.

ಕೊನೆಗೆ ಒಬ್ಬ ಹಿರಿಯರು ಎದ್ದು ನಿಂತರು, ನಿಧಾನವಾಗಿ, ಮುಂದಿನ ಕುರ್ಚಿ ಹಿಡಿದುಕೊಂಡೇ. ಇಷ್ಟೆಲ್ಲ ಹೇಳಿದ್ರಿ, ನಿಮ್ಮ ತಾಯಿಗೆ ಎಷ್ಟು ಇಟ್ಟಿದ್ದೀರಿ ಅದು ಹೇಳಿ ಅಂದರು.

ಅಮ್ಮನಿಗೆ 84. ದಿನಾ ಬೆಳಿಗ್ಗೆ ಒಬ್ಬರೇ ಅರ್ಧ ಗಂಟೆ ನಡೆಯುತ್ತಾರೆ, ಎರಡು ಮಾತ್ರೆ ತಗೊಳ್ಳುತ್ತಾರೆ. ಕೂತಾಗ 134, ನಿಂತಾಗ 126, ನಾಡಿ 68. ಮೂರು ವರ್ಷದ ಹಿಂದೆ ನಾನು ಮೂರನೆಯ ಮಾತ್ರೆ ಸೇರಿಸಿ 120ಕ್ಕೆ ತಂದಿದ್ದೆ. ನಿಂತಾಗ 100ಕ್ಕೆ ಬೀಳುತ್ತಿತ್ತು, ನಾನು ಅಳೆದು ನೋಡಿರಲಿಲ್ಲ. ಅಮ್ಮನೇ ಹೇಳಿದರು, ನಿನ್ನ ನಂಬರ್ ಚೆನ್ನಾಗಿದೆಯಪ್ಪ, ನನಗೆ ಮಾತ್ರ ಎದ್ದರೆ ಗೋಡೆ ಹಿಡಿಯಬೇಕು ಅನ್ನಿಸುತ್ತೆ ಅಂತ.

ಮೂರನೆಯದನ್ನು ಅವತ್ತೇ ತೆಗೆದೆ.